ಹಣ್ಣಿನ ಲೆಕ್ಕವೂ ವಿಲೋಮ ಮಾತೃಕೆಯೂ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿನಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದರು. ಅದರಲ್ಲಿ ಸೊಗಸಾದ ಹಣ್ಣಿನ ಲೆಕ್ಕವೊಂದುಂಟು. 9 ಮಾದಳದ ಹಣ್ಣಿಗೂ 7 ಬೇಲದ ಹಣ್ಣಿಗೂ ಕೂಡಿ ಬೆಲೆ 107. 7 ಮಾದಳಕ್ಕೂ 9 ಬೇಲಕ್ಕೂ ಕೂಡಿ 101. ಹಾಗಾದರೆ ಒಂದೊಂದು ಹಣ್ಣಿನ ಬೆಲೆಯೆಷ್ಟು? ಶ್ರೋತೃಗಳು ಕಾಗದವನ್ನೂ ಸೀಸದ ಕಡ್ಡಿಯನ್ನೂ ಬಳಿಯಲ್ಲಿರಿಸಿಕೊಂಡರೆ ಒಳ್ಳೆಯದು. ಬಾನುಲಿಯಲ್ಲಿ ನಮಗೆ ಕರಿಹಲಗೆಯ ಸೌಕರ್ಯವಿಲ್ಲ.

ಆಚಾರ್ಯರ ಸೂತ್ರದಂತೆ 107ನ್ನು 9ರಿಂದ ಗುಣಿಸಿ, ಅದರಲ್ಲಿ 101ರ ಏಳರಷ್ಟನ್ನು ಕಳೆದು, 9 ಮತ್ತು 7ರ ವರ್ಗಗಳ ಅಂತರವಾದ 32ರಿಂದ ಭಾಗಿಸಬೇಕು. 963ರಲ್ಲಿ 707 ಕಳೆದರೆ 256. ಅದನ್ನು 32ರಿಂದ ಭಾಗಿಸಿದರೆ 8. ಇದು ಮಾದಳದ ಬೆಲೆ. ಅದೇ ರೀತಿಯಲ್ಲಿ ಬೇಲಕ್ಕೆ 5.

ಈ ಸೂತ್ರದಲ್ಲಿ ಅಡಗಿರುವ ವಸ್ತುವಿಗೆ ಹೆಸರು ದೊರೆತದ್ದು ಸಾವಿರ ವರ್ಷಗಳ ತರುವಾಯ. ಸಂಖ್ಯೆಗಳ ಚೌಕಕ್ಕೆ ಮಾತೃಕೆಯೆಂಬರ್ಥದ ಹೆಸರನ್ನು 1850ರಲ್ಲಿ ಸಿಲ್ವೆಸ್ಟರ್ ಇಟ್ಟರು. ಅದರ ಬೀಜಗಣಿತವನ್ನು 1858ರಲ್ಲಿ ಕೇಲೀ ನಿರೂಪಿಸಿದರು. ನಮ್ಮ ಲೆಕ್ಕದ ಮಾತೃಕೆಯ ಮೊದಲನೆಯ ಪಂಕ್ತಿ 9, 7. ಎರಡನೆಯದು 7, 9. 5ಕ್ಕೆ ಐದನೆಯ ಒಂದಂಶವು ಹೇಗೋ ಹಾಗೆ ಈ ಮಾತೃಕೆಗೂ ಒಂದು ವಿಲೋಮವುಂಟು. ಅದರ ಪಂಕ್ತಿಗಳು 9, ಋಣ 7. ಋಣ 7, 9. ಎಲ್ಲವೂ 32ರಿಂದ ಭಾಗಿಸಲ್ಪಟ್ಟವು. ಇದರಿಂದ 107, 101ನ್ನು ಗುಣಿಸಿದರೆ ಆಚಾರ್ಯರ ಸೂತ್ರವೇ ಹೊರಬೀಳುತ್ತದೆ.

ಇದರಿಂದ ಲಾಭವೇನು? ಈ ವಿಲೋಮದಲ್ಲಿ ಹಣ್ಣುಗಳ ಎಣಿಕೆಯಿದೆಯೇ ಹೊರತು ಹಣವಿಲ್ಲ. ಮುಂದಿನ ಸಂತೆಯಲ್ಲಿ ಮೊತ್ತಗಳು 105, 103 ಆದರೂ ಹೊಸದಾಗಿ ತೊಡಗಬೇಕಿಲ್ಲ. ಅದೇ ವಿಲೋಮದಿಂದ 7, 6 ಎಂಬ ಉತ್ತರ ಬರುತ್ತದೆ. ಹಾರ್ವರ್ಡಿನ ಲಿಯಾಂಟಿಯೆಫ್ ಅವರು ಅಮೆರಿಕದ ಉದ್ಯಮಗಳ ಪರಸ್ಪರ ಕೊಡುಕೊಳೆಯನ್ನು 42 ಅವ್ಯಕ್ತಗಳ 42 ಸಮೀಕರಣಗಳಾಗಿ ಬರೆದು 1949ರಲ್ಲಿ ಗಣಕಯಂತ್ರಕ್ಕೆ ಒಪ್ಪಿಸಿದರು. ಜನರ ಬೇಡಿಕೆ ಬದಲಾದಾಗ ಯಾವ ಉದ್ಯಮವು ಎಷ್ಟು ಉತ್ಪಾದಿಸಬೇಕೆಂಬುದನ್ನು ಅಂತಹ ಮಾತೃಕೆಯ ವಿಲೋಮವೇ ತಿಳಿಸುತ್ತದೆ. ಒಂದೇ ಬಾರಿ ಬಿಡಿಸಬೇಕಾದ ದೊಡ್ಡ ಲೆಕ್ಕಕ್ಕಾದರೋ ಒಂದೊಂದೇ ಅವ್ಯಕ್ತವನ್ನು ತೊಲಗಿಸುವ ಹಳೆಯ ಕ್ರಮವೇ ಮೇಲು. ಪೂರ್ಣ ವಿಲೋಮಕ್ಕೆ ಅದರ ಸುಮಾರು ಮೂರರಷ್ಟು ಶ್ರಮ ತಗಲುತ್ತದೆ.

ಎಲ್ಲ ಮಾತೃಕೆಗೂ ವಿಲೋಮವಿಲ್ಲ. ಎರಡನೆಯ ಬಾರಿ 18 ಮಾದಳ, 14 ಬೇಲ ಕೊಂಡು 214 ಕೊಟ್ಟೆವೆನ್ನಿ. ಅದು ಮೊದಲಿನ ವ್ಯಾಪಾರದ ಇಮ್ಮಡಿಯೇ ಆದುದರಿಂದ ಹೊಸ ಸಂಗತಿಯೊಂದೂ ತಿಳಿಯಲಿಲ್ಲ. ಭಾಗಿಸಬೇಕಾದ ಸಂಖ್ಯೆ ಸೊನ್ನೆಯಾಗಿ ಲೆಕ್ಕವು ಅಲ್ಲಿಯೇ ನಿಲ್ಲುತ್ತದೆ. ಇದು ಪ್ರಾಮಾಣಿಕವಾದ ಸೋಲು.

ಅಪಾಯವಿರುವುದು ಸೋಲು ಮರೆಯಾಗಿರುವಲ್ಲಿ. ಎರಡನೆಯ ಬಾರಿ 4 ಮಾದಳ, 3 ಬೇಲ ಕೊಂಡು 47 ಕೊಟ್ಟರೆ ಉತ್ತರ ಮೊದಲಿನಂತೆ 8, 5. ಆದರೆ ಈ ವ್ಯಾಪಾರದ ಪ್ರಮಾಣವು ಮೊದಲಿನದಕ್ಕೆ ಬಲು ಸಮೀಪದ್ದು. ಭಾಜಕವು 32ರ ಸ್ಥಾನದಲ್ಲಿ ಬರಿಯ ಋಣ 1. 47ನ್ನು ಯಾರೋ 48 ಎಂದು ಬರೆದುಕೊಂಡರೆ ಮಾದಳದ ಬೆಲೆ 15 ಆಗುತ್ತದೆ, ಬೇಲದ ಬೆಲೆ ಋಣ 4! ಎಂದರೆ ಬೇಲದ ಹಣ್ಣನ್ನು ಒಯ್ದವನಿಗೆ ಅಂಗಡಿಯವನೇ 4 ನಾಣ್ಯ ಕೊಡಬೇಕು. ಆಚಾರ್ಯರ ಲೆಕ್ಕದಲ್ಲಿ 101ನ್ನು 102 ಎಂದು ಬರೆದಿದ್ದರೆ ಉತ್ತರಗಳು ಕಾಲು ನಾಣ್ಯದಷ್ಟು, ಹೆಚ್ಚೆಂದರೆ ಅದಕ್ಕಿಂತ ತುಸು ಹೆಚ್ಚು, ಅತ್ತಿತ್ತ ಸರಿಯುತ್ತಿದ್ದವು. ಇಲ್ಲಿಯೂ ಗುಣಾಕಾರ ಭಾಗಾಕಾರಗಳಲ್ಲಿ ತಪ್ಪಿಲ್ಲ. ಮತ್ತೆ ಮತ್ತೆ ತಾಳೆ ನೋಡಿದರೂ ಋಣ 4 ಹೋಗದು. ಇನ್ನೊಮ್ಮೆ ಅಂಗಡಿಗೆ ಆಳನ್ನು ಕಳುಹಿಸಿ, ಈ ಸಾರಿ ಮಾದಳ ಕಡಿಮೆ, ಬೇಲ ಹೆಚ್ಚು ತರುವಂತೆ ಹೇಳಬೇಕು.