ದಾರಿ ಹೇಳುವವನ ಕೈಯಲ್ಲಿ ಒಂದು ಪುಟ



ಹಲಗೂರಿನಲ್ಲಿ ಬಸ್ಸಿಳಿದು ಒಬ್ಬರ ಮನೆ ಎಲ್ಲಿಯೆಂದು ಕೇಳಿ ನೋಡಿ. ದಾರಿ ಹೇಳುವವರು ಅಷ್ಟಕ್ಕೇ ನಿಲ್ಲಿಸುವುದಿಲ್ಲ. "ಅವರು ಮುತ್ತತ್ತಿಗೆ ಹೋಗಿದ್ದಾರೆ, ಬರುವುದು ಸಂಜೆಯೇ" ಎಂದೂ ಸೇರಿಸುತ್ತಾರೆ. ಕೇಳಿದ್ದು ವಿಳಾಸ, ಸಿಕ್ಕಿದ್ದು ಸಮಾಚಾರ. ಮನೆಯವರೆಗೆ ನಡೆಯುವ ಶ್ರಮವೂ ಉಳಿಯಿತು.

ಅಂತರ್ಜಾಲದಲ್ಲಿಯೂ ಇಂಥವನೊಬ್ಬನುಂಟು. ತಾವು ಜಾಲತಾಣದ ಹೆಸರನ್ನು ಬರೆದರೆ ಯಂತ್ರಕ್ಕೆ ಸಾಲದು, ಅದಕ್ಕೆ ಅಂಕಿಗಳ ವಿಳಾಸ ಬೇಕು. ಹೆಸರಿಗೆ ವಿಳಾಸವನ್ನು ತಿಳಿಸುವ ಈ ಏರ್ಪಾಡಿಗೆ ಡಿಎನ್‌ಎಸ್ ಎಂದು ಹೆಸರು. ಪಾಲ್ ಮೊಕಾಪೆಟ್ರಿಸ್ ಎಂಬವರು 1983ರಲ್ಲಿ ಇದನ್ನು ರೂಪಿಸಿದರು. 1987ರ ನಿಯಮಗಳಲ್ಲಿ ವಿಳಾಸದ ಜೊತೆಗೆ ಬರಿಯ ಮಾತನ್ನು ಬರೆದಿಡಲೂ ಒಂದು ಅಂಕಣವುಂಟು. ಅದನ್ನು ಟಿಎಕ್ಸ್‌ಟಿ ದಾಖಲೆ ಎನ್ನುತ್ತಾರೆ. ಕೆಲವು ಕುತೂಹಲಿಗಳು ಈ ಅಂಕಣದಲ್ಲಿ ಪುಟಗಳನ್ನೇ ತುಂಬಿ, ಮನೆಗೆ ಹೋಗುವ ಕೆಲಸವೇ ಇಲ್ಲದಂತೆ ಮಾಡಿದರು! ಬ್ರೌಸರು ಇದನ್ನು ತಾನಾಗಿ ತೋರಿಸದು. ಕೇಳಿ ತಂದು ಜೋಡಿಸುವ ಸಣ್ಣ ಸಾಧನವೊಂದು ಬೇಕು.

ಸ್ಥಳವಾದರೋ ಕಿರಿದು. ಒಂದು ತುಣುಕಿಗೆ 255 ಬೈಟು. ಹೆಚ್ಚು ಬೇಕಾದರೆ ತುಣುಕಿಗೆ ತುಣುಕನ್ನು ಪೋಣಿಸಬೇಕು. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು ಸಾಕು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೆ ಮೂರು. ತಲಕಟ್ಟಿನ ಅಕ್ಷರ ಒಂದು ಚಿಹ್ನೆ, ಗುಣಿತದ ಗುರುತು ಇನ್ನೊಂದು, ಒತ್ತಕ್ಷರಕ್ಕೆ ಮತ್ತೂ ಎರಡು. "ಹಲಗೂರು" ಎಂಬ ನಾಲ್ಕಕ್ಷರಕ್ಕೆ 18 ಬೈಟು. "ಸ್ತ್ರೀ" ಎಂಬ ಒಂದೇ ಅಕ್ಷರಕ್ಕೂ 18! ವ್ಯಾಕರಣ ಕಲಿಸುವ ನನಗೆ ಈ ಲೆಕ್ಕ ನಗೆಯನ್ನೂ ಬೇಸರವನ್ನೂ ಒಟ್ಟಿಗೆ ತಂದಿತು. ಒಂದು ತುಣುಕಿನಲ್ಲಿ ನಮ್ಮ ಚಿಹ್ನೆಗಳು 85 ಮಾತ್ರ.

ಕಾವಲಿರುವ ಜಾಲಗಳಲ್ಲಿಯೂ ವಿಳಾಸ ಕೇಳುವವನನ್ನು ತಡೆಯುವುದು ಕಡಮೆ. ಆದಕಾರಣ ಉಳಿದ ಬಾಗಿಲುಗಳು ಮುಚ್ಚಿದಾಗಲೂ ಈ ಕಿಂಡಿಯಿಂದ ನಾಲ್ಕು ಮಾತು ದಾಟೀತು. ಕದ್ದ ಮಾಹಿತಿಯನ್ನು ಸಾಗಿಸುವ ಕಳ್ಳರೂ ಇದನ್ನು ಬಲ್ಲರು. ಸಾಮಾನ್ಯವಾಗಿ ಈ ಪ್ರಶ್ನೋತ್ತರಗಳು ಮುಚ್ಚದ ಅಂಚೆಕಾರ್ಡಿನಂತೆ, ದಾರಿಯಲ್ಲಿರುವವರು ಓದಬಲ್ಲರು.

ನನ್ನನ್ನು ಹೆಚ್ಚಾಗಿ ಕಾಡಿದ್ದು ಬೇರೊಂದು ಸಂಗತಿ. ಒಮ್ಮೆ ಕೇಳಿದ ಉತ್ತರವನ್ನು ನಡುವಿನ ಯಂತ್ರಗಳು ನೆನಪಿಟ್ಟುಕೊಳ್ಳುತ್ತವೆ. ಎಷ್ಟು ಹೊತ್ತೆಂಬುದನ್ನು ಬರೆದವನೇ ಸೆಕೆಂಡುಗಳಲ್ಲಿ ಗೊತ್ತುಮಾಡಬೇಕು. 86,400 ಎಂದು ಬರೆದರೆ ಇಡೀ ಒಂದು ದಿನ. "ಮಳೆಯ ನಿಮಿತ್ತ ನಾಳೆ ಶಾಲೆಗೆ ರಜೆ" ಎಂಬ ಮಾತನ್ನು ಹೀಗೆ ಬರೆದಿಟ್ಟು ಸಂಜೆಗೆ ತಿದ್ದಿದೆವೆನ್ನಿ. ಕೆಲವರಿಗೆ ತಿದ್ದಿದ ಮಾತು ಸಿಕ್ಕೀತು, ಕೆಲವರಿಗೆ ಹಳೆಯದೇ ಸಿಕ್ಕೀತು. ಮರುದಿನ ಅರ್ಧ ತರಗತಿ ಶಾಲೆಯಲ್ಲಿ, ಅರ್ಧ ಮನೆಯಲ್ಲಿ.

ಆ ಪ್ರಕಟಣೆಯನ್ನು ಬರೆಯುವ ಕೆಲಸ ನನಗೆ ಬಂದರೆ 300 ಸೆಕೆಂಡು ಎಂದೇ ಬರೆದೇನು. ತಾರೀಖನ್ನೂ ಒಳಗೆ ಸೇರಿಸಿಯೇನು. ಅದಕ್ಕಾಗಿ ಹತ್ತಾರು ಬೈಟು ಹೋದರೆ ಹೋಗಲಿ.