ಬೆಳಕು: ಬಿಳುಪಿನಿಂದ ಬಂದ ಪದ

'ಬೆಳಕು' ಅಚ್ಚ ದ್ರಾವಿಡ ಪದ. ಅದರ ಬುಡದಲ್ಲಿರುವುದು 'ಬೆಳ್' ಎಂಬ ಧಾತು. ಬಿಳುಪು, ಹೊಳಪು ಎರಡೂ ಅದರ ಅರ್ಥವೇ. ಬಣ್ಣವನ್ನೂ ಕಾಂತಿಯನ್ನೂ ಈ ಧಾತು ಬೇರೆಬೇರೆಯಾಗಿ ಎಣಿಸುವುದಿಲ್ಲ. ತೆಲುಗಿನ 'ವೆಲುಗು', ತಮಿಳಿನ 'ವಿಳಕ್ಕು', ತುಳುವಿನ 'ಬೊಲ್ಪು' ಇದೇ ಬಳಗದವು. ಬರೋ ಮತ್ತು ಎಮೆನೊ 1961ರಲ್ಲಿ ಹೊರತಂದ ದ್ರಾವಿಡ ವ್ಯುತ್ಪತ್ತಿ ಕೋಶವು ಈ ಬಳಗವನ್ನು ಒಂದೆಡೆ ಕಲೆಹಾಕಿದೆ. ಪದದ ಮೊದಲಲ್ಲಿರುವ ಮೂಲದ ವಕಾರ ಕನ್ನಡದಲ್ಲಿ ಬಕಾರವಾಗುತ್ತದೆ. ಮುಂದಿನ ಅಕ್ಷರದಲ್ಲಿ ಅಕಾರವಿದ್ದರೆ ಇಕಾರ ಎಕಾರಕ್ಕೆ ತಿರುಗುತ್ತದೆ. ತಮಿಳಿನ 'ವಿರಲ್' ಕನ್ನಡದಲ್ಲಿ 'ಬೆರಳು' ಆಗಿರುವುದೂ ಹೀಗೆಯೇ.

ತಮಿಳಿನಲ್ಲಿ ಹೊಳೆಯುವುದಕ್ಕೆ 'ವಿಳಂಗು', ದೀಪಕ್ಕೆ 'ವಿಳಕ್ಕು'. ಕನ್ನಡದ 'ಬೆಳಗು' ಮತ್ತು 'ಬೆಳಕು' ಅಂಥದೇ ಜೋಡಿ. ಇವುಗಳಲ್ಲಿ 'ಬೆಳಗು' ಹೆಚ್ಚು ದುಡಿಯುವ ಪದ. ದೀಪ ತಾನಾಗಿ ಬೆಳಗುತ್ತದೆ, ಆರತಿಯನ್ನು ಬೆಳಗುತ್ತಾರೆ, ಹುಣಸೆಹಣ್ಣು ಹಚ್ಚಿ ತಾಮ್ರದ ಕೊಡವನ್ನೂ ಬೆಳಗುತ್ತಾರೆ. ದೇವರ ಮುಂದಿನ ಕೆಲಸಕ್ಕೂ ಬಚ್ಚಲ ಮುಂದಿನ ಕೆಲಸಕ್ಕೂ ಒಂದೇ ಕ್ರಿಯಾಪದ ಸಾಕಾಗಿರುವುದು ಕನ್ನಡದ ದೊಡ್ಡ ಚೆಲುವು. ಕೊಳೆ ತೆಗೆದು ಬೆಳ್ಳಗೆ ಮಾಡುವುದೂ ಕತ್ತಲೆ ತೆಗೆದು ಬೆಳ್ಳಗೆ ಮಾಡುವುದೂ ಧಾತುವಿನ ಲೆಕ್ಕದಲ್ಲಿ ಒಂದೇ. ಮೂಡಲು ಬೆಳ್ಳಗಾಗುವ ಹೊತ್ತಿಗೂ ಅದರಿಂದಲೇ 'ಬೆಳಗು' ಎಂಬ ಹೆಸರು.

ಅಡುಗೆಮನೆಯಲ್ಲೂ ಈ ಧಾತು ಅಡಗಿದೆ. ಬೆಳ್ ಮತ್ತು ನೆಯ್ ಕೂಡಿ ಬೆಣ್ಣೆ, ಎಂದರೆ ಬಿಳಿಯ ತುಪ್ಪ. ಬೆಳ್ ಮತ್ತು ಉಳ್ಳಿ ಕೂಡಿ ಬೆಳ್ಳುಳ್ಳಿ. ಬೆಳಗಾವಿ ಸೀಮೆಯ ಬಾಯಲ್ಲಿ ಅದು 'ಬಳ್ಳೊಳ್ಳಿ'. ಲೋಹಕ್ಕೂ ಶುಕ್ರಗ್ರಹಕ್ಕೂ 'ಬೆಳ್ಳಿ' ಒಂದೇ ಹೆಸರು. ತಮಿಳಿನ 'ವೆಳ್ಳಿ' ಶುಕ್ರವಾರವೂ ಹೌದು. ಬೆಳದಿಂಗಳು ಎಂದರೆ ಬಿಳಿಯ ತಿಂಗಳು, ಬೆಳ್ಳಕ್ಕಿ ಎಂದರೆ ಬಿಳಿಯ ಹಕ್ಕಿ.

'ದೀಪ', 'ದೀವಿಗೆ' ಬೇರೆ ಮನೆತನದವು. 'ದೀವಿಗೆ' ಸಂಸ್ಕೃತದ 'ದೀಪಿಕಾ' ಪದದ ತದ್ಭವ. ವಿದ್ಯುತ್ತು ಬಂದಾಗ ಅದರೊಡನೆ 'ಕರೆಂಟ್', 'ಲೈಟ್' ಬಂದವು. ಹುಕ್ಕೇರಿ ತಾಲೂಕಿನ ಕಣಗಲಾದಂಥ ಊರಿನಲ್ಲೂ ಹೋಗುವುದು, ಬರುವುದು 'ಕರೆಂಟ್'. ಅದು ಚೆಲ್ಲುವುದು ಮಾತ್ರ ಇಂದಿಗೂ 'ಬೆಳಕು'.

'ಬೆಳೆ' ಎಂಬ ಪದವನ್ನು ಇದರೊಂದಿಗೆ ಬೆರೆಸಬಾರದು. ತಮಿಳಿನಲ್ಲಿ ಅದು 'ವಿಳೈ', ಫಲಿಸು ಎಂಬ ಅರ್ಥದ ಬೇರೆಯೇ ಧಾತು. ಕನ್ನಡದಲ್ಲಿ ಧ್ವನಿ ಮಾತ್ರ ಕೂಡಿದೆ. ಬೆಳಗಾವಿಯ ಹೆಸರೂ ಬೆಳಗಿನಿಂದ ಬಂದದ್ದಲ್ಲ. ಹಳೆಯ ಶಾಸನಗಳಲ್ಲಿ ಆ ಊರು ವೇಣುಗ್ರಾಮ, ವೇಳುಗ್ರಾಮ. ವೇಣು ಎಂದರೆ ಬಿದಿರು. ಪಾಲಿಯಲ್ಲಿ ಅದು 'ವೇಳು'.