ಗುಂಡಿನ ಹಿಂದಿನ ತೆರವು

ವಿಜಯದಶಮಿಯಂದು ಮೈಸೂರಿನ ಅರಮನೆಯ ಬಳಿ 21 ಸುತ್ತು ಕುಶಾಲತೋಪು ಹಾರುವುದನ್ನು ಕೇಳದ ಮೈಸೂರಿಗರು ವಿರಳ. ಆ ಫಿರಂಗಿಗಳಲ್ಲಿ ಗುಂಡಿರುವುದಿಲ್ಲ. ಇರುವುದು ಮದ್ದು ಮಾತ್ರ. ಆದರೂ ಪೊಲೀಸ್ ಪಡೆಯವರು ದಿನಗಟ್ಟಲೆ ತಾಲೀಮು ನಡೆಸುತ್ತಾರೆ. ಪ್ರತಿ ಸಿಡಿತದ ಬಳಿಕ ಸಿಂಬದಿಂದ ನಳಿಗೆಯನ್ನು ಒರೆಸಿ, ಕಿಡಿ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆಯೇ ಹೊಸ ಮದ್ದನ್ನು ಜಡಿಯುತ್ತಾರೆ.

ಭಾಷೆಯ ಅಧ್ಯಾಪಕನಾದ ನನ್ನನ್ನು ಈ ವಿಷಯಕ್ಕೆ ಎಳೆದದ್ದು ‘ಈಡು’ ಎಂಬ ಪದ. ಮಲೆನಾಡಿನಲ್ಲಿ ಈಡೆಂದರೆ ಕೋವಿಯ ಹೊಡೆತ. ಸಾಟಿ, ಸಮ ಎಂಬ ಅರ್ಥವೂ ಅದಕ್ಕುಂಟು. ಮದ್ದು, ಗುಂಡು, ಅವುಗಳ ನಡುವಿನ ತೆರವು, ಈ ಮೂರೂ ಒಂದಕ್ಕೊಂದು ಈಡಾಗಿರದಿದ್ದರೆ ಕೋವಿ ಹಿಡಿದವನಿಗೇ ಅಪಾಯ.

ಮಲೆನಾಡು, ಕೊಡಗುಗಳ ಹಳೆಯ ಕೇಪಿನ ಕೋವಿಯನ್ನು ನೋಡಿ. ಬಾಯಿಂದ ಕರಿಮದ್ದು ಸುರಿದು, ಗುಂಡನ್ನು ಗಜದಿಂದ ತಳ್ಳಿ ಮದ್ದಿನ ಮೇಲೆ ಕೂರಿಸಬೇಕು. ಗುಂಡು ನಡುದಾರಿಯಲ್ಲಿ ನಿಂತು ಕೆಳಗೆ ತೆರವು ಉಳಿದರೆ, ಅದು ನಳಿಗೆಗೆ ಬಡಿದ ಬೆಣೆಯಾದೀತು. ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ಹೊಗೆಯಿಲ್ಲದ ಮದ್ದು ತುಂಬಿದ ಈಗಿನ ತೋಟಾದಲ್ಲಿ ನಿಯಮ ತಿರುಗುಮುರುಗು. ಅಲ್ಲಿ ಗುಂಡಿನ ಹಿಂದಿನ ತೆರವು ಲೆಕ್ಕವಿಟ್ಟು ಬಿಟ್ಟದ್ದು. ಗುಂಡು ಒಳಕ್ಕೆ ಸರಿದಷ್ಟೂ ಅನಿಲಕ್ಕೆ ಜಾಗ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಒತ್ತಡ ಏರಿದಂತೆ ಈ ಮದ್ದು ಇನ್ನೂ ವೇಗವಾಗಿ ಉರಿಯುವುದರಿಂದ ಅಪಾಯ ಇಮ್ಮಡಿಸುತ್ತದೆ. 9 ಮಿ.ಮೀ. ಪಿಸ್ತೂಲಿನ ತೋಟಾದಂಥ ಪುಟ್ಟ ಕೋಶದಲ್ಲಿ ಇದು ಅತಿ ಕಠಿಣ. ಗುಂಡನ್ನು ಮುಕ್ಕಾಲು ಮಿಲಿಮೀಟರಿನಷ್ಟು ಒಳಕ್ಕೆ ಕೂರಿಸಿದ ಮಾತ್ರಕ್ಕೆ, ತಾಮ್ರದ ತುಂಡು ಎಷ್ಟು ಕುಗ್ಗಿತೆಂಬುದರಿಂದ ಅಳೆಯುವ ಒತ್ತಡ 28,000ದಿಂದ 62,000ಕ್ಕೆ ಏರಿತೆಂದು ಅಮೆರಿಕದ ಸ್ಪೀರ್ ಕೈಪಿಡಿ ದಾಖಲಿಸಿದೆ. ಹಾಗೆಂದು ಗುಂಡನ್ನು ಹೊರಕ್ಕೆ ಬಿಡುವುದೂ ಕ್ಷೇಮವಲ್ಲ. ರೈಫಲಿನಲ್ಲಿ ಗುಂಡು ಮೊದಲೇ ನಳಿಗೆಯ ಸುರುಳಿಗೆರೆಗೆ ತಾಗಿದ್ದರೆ, ಓಟಕ್ಕೆ ಮುನ್ನವೇ ತಡೆಯುಂಟಾಗಿ ಒತ್ತಡ ಏರುತ್ತದೆ.

ಈ ಕೆಡುಕು ತೋಟಾ ತುಂಬುವವರ ಕೈಯಿಂದಲೇ ಆಗಬೇಕೆಂದಿಲ್ಲ. ಒಂದೇ ತೋಟಾವನ್ನು ಪಿಸ್ತೂಲಿಗೆ ಏರಿಸಿ ಇಳಿಸಿ ಮತ್ತೆ ಏರಿಸುತ್ತಿದ್ದರೆ, ಪ್ರತಿ ಸಲವೂ ಗುಂಡಿನ ಮೂತಿಗೆ ಪೆಟ್ಟು ಬಿದ್ದು ಅದು ಕೂದಲೆಳೆಯಷ್ಟು ಒಳಸರಿಯಬಹುದು. ಕಾವಲಿನವರೂ ಕ್ರೀಡಾಪಟುಗಳೂ ಮರೆಯಬಾರದ ಸಂಗತಿಯಿದು. ಒಡನಾಡಿ ತೋಟಾಗಳ ಪಕ್ಕದಲ್ಲಿ ಗಿಡ್ಡವಾಗಿ ಕಂಡದ್ದನ್ನು ಹಾರಿಸಬಾರದು, ಗುಂಡನ್ನು ಎಳೆದು ಸರಿಪಡಿಸಲೂಬಾರದು, ಬೇರ್ಪಡಿಸಿ ಬಲ್ಲವರಿಗೊಪ್ಪಿಸಬೇಕು.

ನಮ್ಮಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಅಪರಾಧ. ಪರವಾನಗಿಯುಳ್ಳವರು ಸಹ ಮದ್ದನ್ನು ತೂಗಿದರೆ ಸಾಲದು; ತೋಟಾದ ಉದ್ದವನ್ನೂ ಅಳೆಯಬೇಕು. ತಕ್ಕಡಿಗೆ ಮದ್ದು ಸಿಕ್ಕೀತು, ತೆರವು ಸಿಕ್ಕದು. ಮುಚ್ಚಿದ ತೋಟಾದೊಳಗಿನ ಆ ತೆರವನ್ನು ಹೊರಗಿನಿಂದ ತಿಳಿಸುವುದು ಉದ್ದವೊಂದೇ.